ಅಜ್ಜನ ಮನೆಯ ಹಲಸಿನ ಹಲಗೆಗೆ ಕೀಬೋರ್ಡ್ ಕೂರಿಸುವುದು ಹೇಗೆ?

ಪ್ರಶ್ನೆ: ನಾನು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇನೆ, ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸ. ಕುಂದಾಪುರದ ಹತ್ತಿರ ನಮ್ಮ ಅಜ್ಜನ ಹಳೇ ಮನೆ ಬಿಚ್ಚಿದಾಗ ಒಂದು ಹಲಸಿನ ಹಲಗೆ ತಂದುಕೊಂಡೆ. ಎರಡೂವರೆ ಅಡಿ ಉದ್ದ, ಏಳು ಇಂಚು ಅಗಲ, ಒಂದು ಇಂಚು ದಪ್ಪ ಇದೆ. ಇದನ್ನು ಕೊರೆದು ಮೆಕ್ಯಾನಿಕಲ್ ಕೀಬೋರ್ಡಿಗೆ ಕೇಸ್ ಮಾಡಬೇಕು ಅಂತ ಆಸೆ. ಇಲ್ಲಿಯ ಮಳೆಗಾಲಕ್ಕೆ ಮರ ತಡೆಯುತ್ತದಾ? ರಾತ್ರಿ ಮಗು ಮಲಗಿದ ಮೇಲೆ ಟೈಪ್ ಮಾಡುವವಳು ನಾನು, ಸದ್ದು ಕಡಿಮೆ ಇರಬೇಕು. ಕನ್ನಡವೂ ಬರೆಯುತ್ತೇನೆ. ಅದಕ್ಕೆ ಬೇರೆ ಪಿಸಿಬಿ (ಕೀಗಳ ಕೆಳಗಿನ ಸರ್ಕ್ಯೂಟ್ ಬೋರ್ಡು) ಬೇಕಾ? ಸೋಲ್ಡರಿಂಗ್ ಗೊತ್ತಿಲ್ಲ.

ಉತ್ತರ: ಮೊದಲು ಒಂದು ಮಾತು. ಆ ಹಲಗೆಯನ್ನು ದಯವಿಟ್ಟು ಕೊರೆಯಬೇಡಿ. ಸೀಳಿ ಪಟ್ಟಿ ಮಾಡಿ, ನಾಲ್ಕು ಪಟ್ಟಿ ಸೇರಿಸಿ ಚೌಕಟ್ಟು ಕಟ್ಟಿ. ಮಳೆಗಾಲದ ಬಗ್ಗೆ ನೀವು ಕೇಳಿದ್ದಕ್ಕೆ ಉತ್ತರವೂ ಇದರಲ್ಲೇ ಇದೆ. ಜೊತೆಗೆ ಅಜ್ಜನ ಹಲಗೆ ಮುಕ್ಕಾಲು ಪಾಲು ಹಾಗೇ ಉಳಿಯುತ್ತದೆ.

ಯಾಕೆ ಅಂತ ಹೇಳುತ್ತೇನೆ. ಮರ ಕಡಿದು ಎಷ್ಟು ವರ್ಷವಾದರೂ ಗಾಳಿಯ ತೇವ ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಗಾಳಿಯಲ್ಲಿ ತೇವ ಶೇಕಡಾ 50ರಷ್ಟಿದ್ದರೆ, ಅಂದರೆ ನಿಮ್ಮ ಆಫೀಸಿನ ಎಸಿ ಗಾಳಿಯ ಹಾಗಿದ್ದರೆ, ಮರದ ತೂಕದ ಸುಮಾರು 9 ಶೇಕಡಾ ನೀರು ಮರದೊಳಗೆ ಉಳಿಯುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಕಡೆ ಗಾಳಿಯ ತೇವ 80 ದಾಟಿ ವಾರಗಟ್ಟಲೆ ಹಾಗೇ ನಿಲ್ಲುತ್ತದಲ್ವಾ? ಆಗ ಅದೇ ಮರದಲ್ಲಿ ನೀರು 15-16 ಶೇಕಡಾಕ್ಕೆ ಏರುತ್ತದೆ. ನೀರು ಏರಿದಾಗ ಮರ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಎಳೆಯ, ಅಂದರೆ ಮರದ ನಾರಿನ, ಉದ್ದಕ್ಕೆ ಮರ ಅಲುಗಾಡುವುದೇ ಇಲ್ಲ ಅನ್ನಬಹುದು. ಎಳೆಗೆ ಅಡ್ಡಕ್ಕೆ ಮಾತ್ರ ಚೆನ್ನಾಗಿ ಅಲುಗಾಡುತ್ತದೆ.

ತೇಗವನ್ನೇ ತೆಗೆದುಕೊಳ್ಳಿ. ಅಲುಗಾಟ ಕಡಿಮೆ ಅಂತ ಹೆಸರು ಮಾಡಿದ ಮರ ಅದು. ತೇವ ಒಂದು ಶೇಕಡಾ ಬದಲಾದರೆ 100 ಮಿ.ಮೀ. ಅಗಲದ ತೇಗದ ಹಲಗೆ ಹೆಚ್ಚೆಂದರೆ 0.2 ಮಿ.ಮೀ.ನಷ್ಟು ಬದಲಾಗುತ್ತದೆ. ಆರು ಶೇಕಡಾ ಬದಲಾದರೆ ಒಂದು ಮಿ.ಮೀ. ದಾಟಿತು. ಕೀಬೋರ್ಡಿನಲ್ಲಿ ಒಂದು ಮಿ.ಮೀ. ಅಂದರೆ ಬಹಳ. ಎರಡು ಕೀಕ್ಯಾಪ್ (ಕೀಯ ಮೇಲಿನ ಟೋಪಿ) ನಡುವಿನ ಸಂದೇ ಸುಮಾರು ಅಷ್ಟಿರುತ್ತದೆ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನನ್ನ ಮೊದಲ ಕೇಸನ್ನು ಥಾಣೆಯ ಮನೆಯ ಬಾಲ್ಕನಿಯಲ್ಲಿ ಆಗಸ್ಟ್ ತಿಂಗಳಲ್ಲಿ ಕೊರೆದೆ. ದಪ್ಪ ತೇಗದ ತುಂಡು. ಮಧ್ಯದಲ್ಲಿ ತೊಟ್ಟಿಯ ಹಾಗೆ ಗುಳಿ ಮಾಡಿ, ಪಿಸಿಬಿಯನ್ನು ನೇರ ಮರಕ್ಕೇ ಸ್ಕ್ರೂ ಹಾಕಿ ಬಿಗಿದೆ. ಕೂದಲೆಳೆ ಸಂದೂ ಇರಲಿಲ್ಲ, ಅದೇ ನನ್ನ ಹೆಮ್ಮೆ. ಜನವರಿ ಹೊತ್ತಿಗೆ ಆಫೀಸಿನ ಎಸಿಯಲ್ಲಿ ಮರ ಅಡ್ಡಕ್ಕೆ ಕುಗ್ಗಿತು. ಪಿಸಿಬಿ ಕುಗ್ಗುವುದಿಲ್ಲ. ಹಿಂದಿನ ಸ್ಕ್ರೂಗಳೂ ಮುಂದಿನ ಸ್ಕ್ರೂಗಳೂ ಹತ್ತಿರ ಬಂದು ಬೋರ್ಡು ನಡುವೆ ಬಿಲ್ಲಿನ ಹಾಗೆ ಬಾಗಿತು. ಸ್ಪೇಸ್ ಬಾರ್ ಮುಂದಿನ ಗೋಡೆಗೆ ಉಜ್ಜತೊಡಗಿತು. ಎರಡು ಕೀ ಸತ್ತೇ ಹೋದವು. ಮರದ ತಪ್ಪೇನೂ ಇರಲಿಲ್ಲ. ಅದಕ್ಕೆ ಅಲುಗಾಡಲು ನಾನು ಜಾಗವನ್ನೇ ಬಿಟ್ಟಿರಲಿಲ್ಲ.

ಈಗ ಚೌಕಟ್ಟಿನ ಲೆಕ್ಕ ನೋಡಿ. ಉದ್ದದ ಎರಡು ಪಟ್ಟಿಗಳಲ್ಲಿ ಎಳೆ ಉದ್ದಕ್ಕೆ ಓಡುತ್ತದೆ. ಅಕ್ಕಪಕ್ಕದ ಎರಡು ಗಿಡ್ಡ ಪಟ್ಟಿಗಳಲ್ಲೂ ಎಳೆ ಪಟ್ಟಿಯ ಉದ್ದಕ್ಕೇ, ಅಂದರೆ ಕೀಬೋರ್ಡಿನ ಹಿಂದು-ಮುಂದಿಗೆ ಓಡುತ್ತದೆ. ಹಾಗಾಗಿ ಒಳಗಿನ ಖಾಲಿ ಜಾಗದ ಅಳತೆಯನ್ನು ಕಾಯುವುದು ಅಲುಗಾಡದ ದಿಕ್ಕು. ಅಲುಗಾಡುವುದೇನಿದ್ದರೂ 12 ಮಿ.ಮೀ. ದಪ್ಪದ ಗೋಡೆ ಮತ್ತು ಅದರ ಎತ್ತರ. 12 ಮಿ.ಮೀ.ಗೆ ಆಗುವ ಬದಲಾವಣೆ 0.15 ಮಿ.ಮೀ.ಯ ಆಸುಪಾಸು. ಅದು ಕಣ್ಣಿಗೂ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ನಮ್ಮ ಊರ ಬಾಗಿಲುಗಳ ದಾರಂದ ನೂರು ಮಳೆಗಾಲ ಕಂಡರೂ ಚೌಕವಾಗಿ ನಿಂತಿರುವುದು, ಅದೇ ಬಾಗಿಲಿನ ಅಗಲದ ಹಲಗೆ ಮಾತ್ರ ಆಷಾಢದಲ್ಲಿ ಬಿಗಿಯಾಗಿ ಕಿರುಗುಟ್ಟುವುದು ಇದೇ ಕಾರಣಕ್ಕೆ.

ಇನ್ನು ಹಲಸು. ಒಳ್ಳೆಯ ಮರವೇ ನಿಮ್ಮ ಕೈಗೆ ಬಂದಿದೆ. ವೀಣೆ, ಮೃದಂಗಕ್ಕೆ ಹಲಸನ್ನು ಆರಿಸುವುದು ಸುಮ್ನೆ ಅಲ್ಲ. ಒಳಗಿನ ಹಳದಿ ತಿರುಳಿಗೆ ಗೆದ್ದಲು ಬೇಗ ಬರುವುದಿಲ್ಲ. ಹೊರಗಿನ ಬಿಳಿ ಭಾಗ ಇದ್ದರೆ ಅದನ್ನು ಬಳಸಬೇಡಿ, ಹುಳು ಮೊದಲು ಹಿಡಿಯುವುದು ಅಲ್ಲೇ. ಸಣ್ಣ ಸೂಜಿತೂತುಗಳಿಂದ ಹಿಟ್ಟಿನಂಥ ಹುಡಿ ಉದುರುತ್ತಿದ್ದರೆ ಆ ತುಂಡನ್ನು ಮನೆಯೊಳಗೇ ಇಡಬೇಡಿ. ಹಳೇ ಮನೆಯ ಮರದಲ್ಲಿ ಮುರಿದ ಮೊಳೆ ಒಳಗೇ ಉಳಿದಿರುತ್ತದೆ. ಕೀಸುವ ಮೊದಲು ಮೇಲಿಡೀ ಒಂದು ಆಯಸ್ಕಾಂತ ಆಡಿಸಿ.

ಹೊಸದಾಗಿ ಕೀಸಿದ ಹಲಸು ಅರಿಶಿನದ ಹಾಗೆ ಹಳದಿ ಕಾಣುತ್ತದೆ. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕಟ್ಟಲು ಹಲಸಿನ ಚಕ್ಕೆ ಕುದಿಸುತ್ತಿದ್ದದ್ದು ಈ ಹಳದಿಗಾಗಿಯೇ. ಅದು ಹಾಗೇ ಉಳಿಯುವುದಿಲ್ಲ. ಬೆಳಕು ಬಿದ್ದಂತೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಕೀಕ್ಯಾಪ್ ಬಣ್ಣ ಆರಿಸುವಾಗ ಇವತ್ತಿನ ಹಳದಿ ನೋಡಿ ಆರಿಸಬೇಡಿ. ಹಲಗೆಯ ಹಳೇ ಮುಖ ಹೇಗಿದೆ ನೋಡಿ, ಎರಡು ವರ್ಷದ ಮೇಲೆ ನಿಮ್ಮ ಕೇಸು ಅದರ ಹತ್ತಿರ ಬಂದಿರುತ್ತದೆ.

ಹಲಗೆ ಮತ್ಸ್ಯಗಂಧ ರೈಲಿನಲ್ಲಿ ಬಂತೋ ಲಾರಿಯಲ್ಲಿ ಬಂತೋ, ಬಂದ ಕೂಡಲೇ ಗರಗಸ ಹಾಕಬೇಡಿ. ಎರಡು ಕೋಲಿನ ಮೇಲೆ ಇಟ್ಟು, ಕೆಳಗೂ ಮೇಲೂ ಗಾಳಿ ಆಡುವ ಹಾಗೆ ನೀವು ಕೀಬೋರ್ಡ್ ಬಳಸುವ ಕೋಣೆಯಲ್ಲೇ ಬಿಡಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡು ವಾರ ತೂಕ ಬದಲಾಗದಿದ್ದರೆ ಮರ ಆ ಕೋಣೆಗೆ ಹೊಂದಿಕೊಂಡಿದೆ ಅಂತ ಅರ್ಥ. ತೇವ ಅಳೆಯುವ ಯಂತ್ರ ಕೊಳ್ಳುವ ಖರ್ಚು ಬೇಡ.

ಮರ ಒಣಗುವ ಹೊತ್ತಿಗೆ ಪಿಸಿಬಿ ತರಿಸಿ. ಕೇಸಿನ ಚಿತ್ರ ಬರೆಯುವ ಮೊದಲೇ ಪಿಸಿಬಿ, ಕೀಗಳ ಸ್ವಿಚ್ಚುಗಳನ್ನು ಹಿಡಿದಿಡುವ ಪ್ಲೇಟು ಎರಡೂ ಕೈಯಲ್ಲಿರಬೇಕು. ಅಂಗಡಿಯವರು ಬರೆದ ಅಳತೆ ನಂಬಿ ಮರ ಕತ್ತರಿಸಿ ಅತ್ತವರನ್ನು ನಾನು ನೋಡಿದ್ದೇನೆ. ಒಂದು ವರ್ನಿಯರ್ ಕ್ಯಾಲಿಪರ್ ತೆಗೆದುಕೊಳ್ಳಿ, ಲ್ಯಾಮಿಂಗ್ಟನ್ ರೋಡಿನಲ್ಲೂ ಸಿಗುತ್ತದೆ, ನಾಗದೇವಿ ಸ್ಟ್ರೀಟಿನಲ್ಲೂ ಸಿಗುತ್ತದೆ.

ಯಾವ ಗಾತ್ರ? ನಿಮಗೆ 60 ಶೇಕಡಾ ಗಾತ್ರವೇ ಸರಿ, ಅಂದರೆ ಪೂರ್ಣ ಕೀಬೋರ್ಡಿನ ಸುಮಾರು 60 ಶೇಕಡಾ ಕೀಗಳಿರುವಂಥದ್ದು. ಅದರಲ್ಲಿ ಬಾಣದ ಕೀಗಳು ಇಲ್ಲ, ಇನ್ನೊಂದು ಕೀ ಒತ್ತಿ ಹಿಡಿದು ಬಳಸಬೇಕು. ಒಂದು ವಾರದಲ್ಲಿ ರೂಢಿ ಆಗುತ್ತದೆ. ಇದನ್ನೇ ಹೇಳುವುದಕ್ಕೆ ಕಾರಣವಿದೆ. 60ರ ಪಿಸಿಬಿಗಳಲ್ಲಿ ‘ಟ್ರೇ ಮೌಂಟ್’, ಅಂದರೆ ಪಿಸಿಬಿಯನ್ನು ನೇರ ಕೇಸಿನ ತಳಕ್ಕೆ ಸ್ಕ್ರೂ ಹಾಕುವ ಬಗೆಯಲ್ಲಿ ಸ್ಕ್ರೂ ತೂತುಗಳ ಜಾಗ ಬಹುಮಟ್ಟಿಗೆ ಒಂದೇ. ನಾಳೆ ಪಿಸಿಬಿ ಕೆಟ್ಟರೆ ಬೇರೆ ಕಂಪನಿಯದ್ದು ತಂದು ಅದೇ ಕೇಸಿಗೆ ಕೂರಿಸಬಹುದು. ಕೈಯಾರೆ ಮಾಡಿದ ಕೇಸು ಪಿಸಿಬಿಗಿಂತ ಜಾಸ್ತಿ ವರ್ಷ ಬಾಳುತ್ತದೆ, ಇದನ್ನು ಈಗಲೇ ಯೋಚಿಸಬೇಕು. ಕೊಳ್ಳುವಾಗ ಹಾಟ್‌ಸ್ವಾಪ್ ಪಿಸಿಬಿ ಅಂತ ಕೇಳಿ. ಅದರಲ್ಲಿ ಸ್ವಿಚ್ಚನ್ನು ಸಾಕೆಟ್ಟಿಗೆ ಒತ್ತಿದರೆ ಆಯಿತು, ಸೋಲ್ಡರಿಂಗ್ ಬೇಡ. ಟ್ರೇ ಮೌಂಟ್ ತೂತುಗಳು ಇವೆಯೇ ಅಂತಲೂ ಕೇಳಿ, ಎಲ್ಲದರಲ್ಲೂ ಇರುವುದಿಲ್ಲ.

ಈಗ ಅಳತೆ. ಕೀಬೋರ್ಡಿನಲ್ಲಿ ಒಂದು ಕೀಯ ಮಧ್ಯದಿಂದ ಪಕ್ಕದ ಕೀಯ ಮಧ್ಯಕ್ಕೆ 19.05 ಮಿ.ಮೀ., ಅಂದರೆ ಮುಕ್ಕಾಲು ಇಂಚು. 60ರಲ್ಲಿ ಅಡ್ಡಕ್ಕೆ 15 ಕೀಯಷ್ಟು ಜಾಗ, ಹಿಂದು-ಮುಂದಿಗೆ 5 ಸಾಲು. ಅಲ್ಲಿಗೆ 285.75 ಮತ್ತು 95.25 ಮಿ.ಮೀ. ಒಳಗಿನ ಖಾಲಿ ಜಾಗವನ್ನು ನಾನು 287 ಮತ್ತು 97 ಇಡುತ್ತೇನೆ. 12 ಮಿ.ಮೀ. ಗೋಡೆ ಸುತ್ತ ಸೇರಿಸಿದರೆ ಹೊರಗಿನ ಅಳತೆ 311 ಮತ್ತು 121. ಅಂದರೆ ನಿಮ್ಮ ಹಲಗೆಯ ಅಂಚಿನಿಂದ 12 ಮಿ.ಮೀ.ಯ ಎರಡು ಪಟ್ಟಿ ಸೀಳಿದರೆ ಸಾಕು. ಏಳು ಇಂಚಿನಲ್ಲಿ ಒಂದೂಕಾಲು ಇಂಚು ಹೋದರೆ ಹೆಚ್ಚು. ಅದೇ ಹಲಗೆಯನ್ನು ಕೊರೆದು ಮಾಡಿದ್ದರೆ ಅರ್ಧದಷ್ಟು ಮರ ಹುಡಿಯಾಗಿ ಗುಡಿಸಲಿಕ್ಕೆ ಹೋಗುತ್ತಿತ್ತು.

ಎತ್ತರವನ್ನು ಕೆಳಗಿನಿಂದ ಮೇಲಕ್ಕೆ ಕೂಡಿಸುತ್ತಾ ಬನ್ನಿ. ತಳದ ಪ್ಲೈ 4 ಮಿ.ಮೀ. ಅದರ ಮೇಲೆ ಪಿಸಿಬಿಯನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಸಣ್ಣ ಕಂಬಗಳು 5 ಮಿ.ಮೀ. ಪಿಸಿಬಿಯ ದಪ್ಪ 1.6. ಪಿಸಿಬಿಯ ಮೇಲ್ಮೈಯಿಂದ ಪ್ಲೇಟಿನ ಮೇಲ್ಮೈಗೆ 5 ಮಿ.ಮೀ., ಇದು ಎಂಎಕ್ಸ್ ಅನ್ನುವ, ಹೆಚ್ಚು ಬಳಕೆಯಲ್ಲಿರುವ ಮಾದರಿಯ ಎಲ್ಲ ಸ್ವಿಚ್ಚಿಗೂ ಒಂದೇ. ಪ್ಲೇಟಿನಿಂದ ಮೇಲೆ ಗೋಡೆ 7 ಮಿ.ಮೀ. ಎದ್ದರೆ ಸ್ವಿಚ್ಚಿನ ಹೊಟ್ಟೆ ಕಾಣುವುದಿಲ್ಲ, ಕೀಕ್ಯಾಪ್ ಮಾತ್ರ ಕಾಣುತ್ತದೆ. ಒಟ್ಟು 22.6, ಅಂದರೆ 23 ಅಂತ ಹಿಡಿಯಿರಿ. ಒಂದು ಇಂಚಿನ ಹಲಗೆ ಕೀಸಿದ ಮೇಲೆ ಸರಿಯಾಗಿ ಇಷ್ಟೇ ಉಳಿಯುತ್ತದೆ. ನಿಮ್ಮ ಅಜ್ಜನ ಹಲಗೆ ಇದಕ್ಕಾಗಿಯೇ ಇಟ್ಟ ಹಾಗಿದೆ.

ಕೆಲಸದ ಹೃದಯ ಇಲ್ಲಿದೆ: ಪಿಸಿಬಿ ಮರದ ಚೌಕಟ್ಟಿಗೆ ಎಲ್ಲೂ ತಾಗಬಾರದು. ಅದು ಕೂರುವುದು ತಳದ ಪ್ಲೈ ಮೇಲೆ. ಪ್ಲೈಯಲ್ಲಿ ಎಳೆಗಳು ಒಂದು ಪದರ ಉದ್ದಕ್ಕೆ, ಒಂದು ಪದರ ಅಡ್ಡಕ್ಕೆ ಅಂಟಿರುವುದರಿಂದ ಅದು ಎರಡೂ ದಿಕ್ಕಿಗೆ ತೀರಾ ಕಡಿಮೆ ಅಲುಗಾಡುತ್ತದೆ. ಮರೀನ್ ಪ್ಲೈ ತೆಗೆದುಕೊಳ್ಳಿ. ಪಿಸಿಬಿಯನ್ನೇ ಅದರ ಮೇಲಿಟ್ಟು, ತೂತುಗಳ ಮೂಲಕ ಪೆನ್ಸಿಲ್ ಗುರುತು ಹಾಕಿ. ನಕ್ಷೆ ಬೇಡ, ಬೋರ್ಡೇ ನಕ್ಷೆ. ಕೆಳಗಿನಿಂದ ಎಂ2 ಗಾತ್ರದ 6 ಮಿ.ಮೀ. ಸ್ಕ್ರೂ, ಮೇಲಿನಿಂದ 4 ಮಿ.ಮೀ. ಸ್ಕ್ರೂ ಹಾಕಿ. ಇದಕ್ಕಿಂತ ಉದ್ದದ್ದು ಹಾಕಿದರೆ 5 ಮಿ.ಮೀ. ಕಂಬದೊಳಗೆ ಎರಡೂ ಸ್ಕ್ರೂ ಒಂದಕ್ಕೊಂದು ಗುದ್ದಿಕೊಂಡು ಬಿಗಿಯೇ ಆಗುವುದಿಲ್ಲ. ಮರದ ಚೌಕಟ್ಟು ಆ ಪ್ಲೈ ಸುತ್ತ ನಿಲ್ಲುವ ಗೋಡೆ, ಅಷ್ಟೇ ಅದರ ಕೆಲಸ.

ಪಟ್ಟಿ ಸೀಳಲು ಹತ್ತಿರದ ಫರ್ನಿಚರ್ ಕಾರ್ಖಾನೆಗೆ ಹೋಗಿ. ಸಾ ಮಿಲ್ ಬೇಡ, ಅಲ್ಲಿಯ ದೊಡ್ಡ ಅಲಗು ಮೂರ್ನಾಲ್ಕು ಮಿ.ಮೀ. ಮರ ತಿಂದುಬಿಡುತ್ತದೆ. ಅಲ್ಲಿಯ ಸುತಾರರಿಗೆ, ಅಂದರೆ ಬಡಗಿಗಳಿಗೆ, 13 ಮಿ.ಮೀ. ಪಟ್ಟಿ ಕೇಳಿ. ಒಂದು ಮಿ.ಮೀ. ನೀವು ಮನೆಯಲ್ಲಿ ಕೀಸುಳಿಯಿಂದ ತೆಗೆಯಲಿಕ್ಕೆ. ಅವರು ಅದನ್ನು ರಂದಾ ಅನ್ನುತ್ತಾರೆ, ಅವರಲ್ಲೇ ಕೇಳಿದರೆ ಅಲಗು ಮಸೆಯುವುದನ್ನೂ ತೋರಿಸಿ ಕೊಡುತ್ತಾರೆ. ಮೊಂಡು ಅಲಗಿನಿಂದ ಹಲಸನ್ನು ಕೀಸಿದರೆ ಎಳೆ ಕಿತ್ತು ಬರುತ್ತದೆ. ಅದರ ಎಳೆ ಒಂದೇ ದಿಕ್ಕಿಗೆ ಓಡುವುದಿಲ್ಲ. ಹಾಗೆ ಕಿತ್ತರೆ ಪಟ್ಟಿಯನ್ನು ತಿರುಗಿಸಿ ಎದುರು ದಿಕ್ಕಿನಿಂದ ಕೀಸಿ ನೋಡಿ.

ಮೂಲೆಗಳನ್ನು 45 ಡಿಗ್ರಿಗೆ ಕತ್ತರಿಸಿ ಜೋಡಿಸುವುದು ನೋಡಲು ಚಂದ. ಆದರೆ ತುದಿಗೆ ತುದಿ ಅಂಟಿಸಿದರೆ ಅಂಟು ಹಿಡಿಯುವುದು ಕಡಿಮೆ, ಎಳೆಯ ತುದಿ ಅಂಟನ್ನು ಹೀರಿಬಿಡುತ್ತದೆ. ಮೊದಲು ತೆಳ್ಳಗೆ ಒಂದು ಸಲ ಅಂಟು ಸವರಿ, ಐದು ನಿಮಿಷ ಬಿಟ್ಟು, ಮತ್ತೆ ಸವರಿ ಜೋಡಿಸಿ. ಒಣಗಿದ ಮೇಲೆ ಪ್ರತಿ ಮೂಲೆಗೂ ಅಡ್ಡಲಾಗಿ ಗರಗಸದಿಂದ ಒಂದು ಸೀಳು ಹಾಕಿ, ಅದರೊಳಗೆ ತೆಳು ಮರದ ಚಕ್ಕೆ ಅಂಟಿಸಿ. ಆ ಚಕ್ಕೆಯೇ ಮೂಲೆಯ ಬೀಗ. ಚಕ್ಕೆಗೆ ತೇಗ ಹಾಕಿದರೆ ಹಳದಿಯ ನಡುವೆ ಕಂದು ಗೆರೆ ಬಹಳ ಒಪ್ಪುತ್ತದೆ. ಅಂಟಿಗೆ ಫೆವಿಕಾಲ್ ಮರೀನ್ ಸಾಕು. ಜೋಡಿಸಿದ ಮೇಲೆ ಮೂಲೆಮಟ್ಟ ಹಿಡಿದು ನೋಡುವುದರ ಜೊತೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಎರಡೂ ಒಂದೇ ಬಂದರೆ ಚೌಕಟ್ಟು ಸರಿಯಾಗಿದೆ.

ಯುಎಸ್‌ಬಿ ತೂತಿನಲ್ಲಿ ಹೊಸಬರು ಹೆಚ್ಚಾಗಿ ಎಡವುತ್ತಾರೆ. ಪಿಸಿಬಿಯ ಮೇಲಿನ ಟೈಪ್-ಸಿ ಬಾಯಿ 9 ಮಿ.ಮೀ. ಅಗಲ ಇದೆ ಅಂತ ಗೋಡೆಯಲ್ಲೂ ಅಷ್ಟೇ ಸಣ್ಣ ತೂತು ಕೊರೆಯುತ್ತಾರೆ. ಕೇಬಲ್ಲಿನ ಲೋಹದ ಮೂತಿ ಆರೂವರೆ ಮಿ.ಮೀ. ಚಿಲ್ಲರೆ ಉದ್ದ. ಗೋಡೆ 12 ಮಿ.ಮೀ. ದಪ್ಪ. ಮೂತಿ ಬಾಯಿಗೆ ತಲುಪುವುದೇ ಇಲ್ಲ! ಕೇಬಲ್ಲಿನ ಪ್ಲಾಸ್ಟಿಕ್ ತಲೆಯೂ ಗೋಡೆಯೊಳಗೆ ಹೋಗಬೇಕು. ನಿಯಮದ ಪ್ರಕಾರ ಆ ತಲೆ ಹೆಚ್ಚೆಂದರೆ 12.35 ಅಗಲ, 6.5 ಎತ್ತರ. ಹಾಗಾಗಿ 13 ಅಗಲ, 7 ಎತ್ತರದ ತೂತನ್ನು ಈಚೆಯಿಂದ ಆಚೆಗೆ ಪೂರ್ತಿ ಕೊರೆಯಿರಿ. ಎರಡು ಕಡೆ ಡ್ರಿಲ್ ಹಾಕಿ, ನಡುವಿನದ್ದನ್ನು ಉಳಿಯಿಂದ ಬಿಡಿಸಿ. ಜಾಗ ಎಲ್ಲಿ ಅನ್ನುವುದನ್ನು ಪಿಸಿಬಿಯನ್ನು ತಳದ ಮೇಲೆ ಕೂರಿಸಿದ ಮೇಲೆಯೇ ಗುರುತು ಮಾಡಿ. ಈ ತೂತನ್ನು ಮೂಲೆ ಅಂಟಿಸುವ ಮೊದಲೇ ಮುಗಿಸಿಕೊಂಡರೆ ಕೈಗೆ ಸುಲಭ.

ಪ್ಲೈ ಕೂರಲು ಚೌಕಟ್ಟಿನ ಕೆಳಗೆ ಒಳಬದಿಯಲ್ಲಿ 4 ಮಿ.ಮೀ. ಎತ್ತರದ ಮೆಟ್ಟಿಲು ತೆಗೆಯಬೇಕು. ಮರ ಕೊರೆಯುವ ರೌಟರ್ ಯಂತ್ರ ಇದ್ದವರಲ್ಲಿ ಎರಡು ನಿಮಿಷದ ಕೆಲಸ. ಪ್ಲೈಯನ್ನು ಚೌಕಟ್ಟಿಗೆ ಬಿಗಿಯುವ ತೂತುಗಳನ್ನು ಸ್ಕ್ರೂಗಿಂತ ಸ್ವಲ್ಪ ದೊಡ್ಡದು ಮಾಡಿ, ಚೌಕಟ್ಟಿಗೆ ಉಸಿರಾಡಲು ಜಾಗ ಬೇಕಲ್ವಾ. ಹಳೇ ಹಲಸು ಗಟ್ಟಿ. ಹಿತ್ತಾಳೆ ಸ್ಕ್ರೂ ನೇರ ತಿರುಗಿಸಿದರೆ ತಲೆ ಮುರಿದು ಒಳಗೇ ಉಳಿಯುತ್ತದೆ. ಮೊದಲು ಸಣ್ಣ ತೂತು ಕೊರೆದು, ಅದೇ ಗಾತ್ರದ ಉಕ್ಕಿನ ಸ್ಕ್ರೂ ಹಾಕಿ ತೆಗೆದು, ಆಮೇಲೆ ಹಿತ್ತಾಳೆಯದ್ದಕ್ಕೆ ಸೋಪು ಸವರಿ ಹಾಕಿ. ತ್ರೀಡಿ ಪ್ರಿಂಟಿಗೆ ಬಿಸಿ ಮಾಡಿ ತೂರಿಸುವ ಹಿತ್ತಾಳೆ ಬುಷ್ ಮರಕ್ಕೆ ನಿಲ್ಲುವುದಿಲ್ಲ, ಅದನ್ನು ಕೊಳ್ಳಬೇಡಿ.

ಟೈಪ್ ಮಾಡಲು ಆರು ಡಿಗ್ರಿ ಇಳಿಜಾರು ಹಿತವಾಗಿರುತ್ತದೆ. ಅದಕ್ಕಾಗಿ ಚೌಕಟ್ಟನ್ನು ಓರೆ ಕತ್ತರಿಸುವುದು ಬೇಡ. ಹಿಂಬದಿಗೆ 12 ಮಿ.ಮೀ. ಎತ್ತರದ ಮರದ ಕಾಲು ಅಂಟಿಸಿದರೆ ಲೆಕ್ಕ ಸರಿಯಾಯಿತು.

ಪಾಲಿಶ್ ಬಗ್ಗೆ ನನ್ನದೊಂದು ಹಟ ಇದೆ: ಹೊರಗೆ ಎಷ್ಟು ಸಲ ಹಚ್ಚುತ್ತೀರೋ ಒಳಗೂ ಅಷ್ಟೇ ಸಲ ಹಚ್ಚಬೇಕು. ಒಂದೇ ಮುಖಕ್ಕೆ ಹಚ್ಚಿದ ಮರ ಇನ್ನೊಂದು ಮುಖದಿಂದ ಬೇಗ ತೇವ ಹೀರಿ ಸೊಟ್ಟಗಾಗುತ್ತದೆ. ಯಾವ ಪಾಲಿಶ್ಶೂ ತೇವವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೇ. 120, 180, 240 ನಂಬರಿನ ಪಾಲಿಶ್ ಪೇಪರ್ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಎದ್ದ ನವಿರನ್ನು ಒಣಗಿದ ಮೇಲೆ 320ರಿಂದ ತೆಗೆಯಿರಿ. ಮೂಗಿಗೆ ಮಾಸ್ಕ್ ಇರಲಿ. ಅರಗಿನ ಪಾಲಿಶ್ ಹೊಳಪು ನನಗೆ ತುಂಬಾ ಇಷ್ಟ, ಆದರೆ ಸ್ಯಾನಿಟೈಸರ್ ಹಚ್ಚಿದ ಕೈ ತಾಗಿದರೆ ಅದು ಕರಗುತ್ತದೆ. ಅದಕ್ಕೇ ಕೀಬೋರ್ಡಿಗೆ ಬೇಡ. ಪಿಯು (ಪಾಲಿಯುರೆಥೇನ್) ವಾರ್ನಿಷನ್ನು ತೆಳು ಮಾಡಿ ಬಟ್ಟೆಯಲ್ಲಿ ನಾಲ್ಕು ಸಲ ಒರೆಸಿ ಹಚ್ಚಿ. ಮಳೆಗಾಲದಲ್ಲಿ ಒಂದು ಸಲದಿಂದ ಇನ್ನೊಂದಕ್ಕೆ ಎರಡು ದಿನ ಬಿಡಿ. ಅಗಸೆ ಎಣ್ಣೆ ಹಚ್ಚುವವರಾದರೆ ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹಿಡಿಯುತ್ತದೆ. ಬಿಡಿಸಿ ಹರಡಿ ಒಣಗಿಸಿ, ಅಥವಾ ನೀರಲ್ಲಿ ಮುಳುಗಿಸಿಡಿ. ಮಗು ಇರುವ ಮನೆ, ಇದನ್ನು ಮರೆಯಬೇಡಿ.

ಸದ್ದಿನ ವಿಷಯ. ಸ್ವಿಚ್ಚುಗಳಲ್ಲಿ ಮೂರು ಬಗೆ. ನೇರ ಇಳಿಯುವ ಲೀನಿಯರ್, ನಡುವೆ ಒಂದು ಸಣ್ಣ ಉಬ್ಬು ಸಿಗುವ ಟ್ಯಾಕ್ಟೈಲ್, ಟಕ್ ಅನ್ನುವ ಕ್ಲಿಕ್ಕಿ. ಮೂರನೆಯದ್ದನ್ನು ಮಗು ಮಲಗುವ ಮನೆಗೆ ತರಲೇಬೇಡಿ. ನಿಮಗೆ ಸೈಲೆಂಟ್ ಲೀನಿಯರ್ ಬೇಕು. ಅದರ ಒಳಗೆ ಕಡ್ಡಿ ತಳಕ್ಕೆ ತಾಗುವಲ್ಲೂ ಮೇಲಕ್ಕೆ ಬಂದು ತಾಗುವಲ್ಲೂ ಮೆತ್ತನೆಯ ರಬ್ಬರ್ ಇರುತ್ತದೆ. ಒತ್ತಲು ಬೇಕಾದ ತೂಕ 45 ಗ್ರಾಂ ಆಸುಪಾಸಿನದ್ದು ಆರಿಸಿ, ದಿನವಿಡೀ ಟೈಪ್ ಮಾಡಿದರೂ ಬೆರಳು ನೋಯುವುದಿಲ್ಲ. ಪ್ಲೈ ಮತ್ತು ಪಿಸಿಬಿ ನಡುವೆ 2 ಮಿ.ಮೀ. ಕಾರ್ಕ್ ಹಾಳೆ ಹಾಸಿ. ಮರ ತಾನೇ ಸದ್ದನ್ನು ಮೆದು ಮಾಡುತ್ತದೆ. ಸ್ಪಂಜು ತುರುಕಿ ತುಂಬಿಸಿದರೆ ಹಲಸಿನ ದನಿಯೇ ಸತ್ತುಹೋಗುತ್ತದೆ. ಸ್ವಿಚ್ಚನ್ನು ಸಾಕೆಟ್ಟಿಗೆ ಒತ್ತುವಾಗ ಅದರ ಕೆಳಗಿನ ಎರಡು ಲೋಹದ ಕಡ್ಡಿಗಳೂ ನೆಟ್ಟಗಿವೆಯಾ ನೋಡಿ, ಬಾಗಿದ್ದರೆ ಚಿಮುಟದಿಂದ ನೆಟ್ಟಗೆ ಮಾಡಿ. ಪಿಸಿಬಿಯನ್ನು ತಳಕ್ಕೆ ಬಿಗಿಯುವ ಮೊದಲೇ, ಹಿಂದಿನಿಂದ ಬೆರಳು ಕೊಟ್ಟು ಒತ್ತಿ. ಆಧಾರ ಇಲ್ಲದೆ ಒತ್ತಿದರೆ ಸಾಕೆಟ್ಟೇ ಕಿತ್ತು ಬರುತ್ತದೆ. ಆದರೆ ಟ್ರೇ ಮೌಂಟ್ ಸ್ಕ್ರೂಗಳು ಕೀಗಳ ನಡುವೆ ಬರುತ್ತವೆ. ಪ್ಲೇಟಿನಲ್ಲಿ ಆ ಜಾಗಕ್ಕೆ ತೂತು ಇದೆಯಾ, ಸ್ಕ್ರೂಡ್ರೈವರ್ ಇಳಿಯುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಎಲ್ಲಕ್ಕಿಂತ ಜಾಸ್ತಿ ಗಲಾಟೆ ಮಾಡುವುದು ಸ್ವಿಚ್ ಅಲ್ಲ, ಸ್ಟೆಬಿಲೈಸರ್. ಸ್ಪೇಸ್, ಶಿಫ್ಟ್, ಎಂಟರ್ ಥರದ ಅಗಲದ ಕೀಗಳ ಕೆಳಗಿರುವ ತಂತಿ ಅದು. ತಂತಿಯ ಎರಡು ತುದಿ ಪ್ಲಾಸ್ಟಿಕ್ಕಿಗೆ ಸೇರುವಲ್ಲಿ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿ. ತಂತಿಯನ್ನು ಗಾಜಿನ ಮೇಲಿಟ್ಟು ನೋಡಿ, ಒಂದು ತುದಿ ಮೇಲೆದ್ದರೆ ಬೆರಳಲ್ಲೇ ಬಾಗಿಸಿ ಸಮ ಮಾಡಿ. ಇಲ್ಲಿ ಒಂದು ಗಂಟೆ ಹೆಚ್ಚು ಕಳೆಯಿರಿ. ಕನ್ನಡ ಬರೆಯುವ ನಿಮಗಂತೂ ಇದು ಇನ್ನೂ ಮುಖ್ಯ. ಯಾಕೆ ಅಂದರೆ ನಾವು ಶಿಫ್ಟನ್ನು ಇಂಗ್ಲಿಷಿನವರಿಗಿಂತ ಬಹಳ ಜಾಸ್ತಿ ಒತ್ತುತ್ತೇವೆ. ಕಗಪ ಅನ್ನುವ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಎನ್ ಒತ್ತಿದರೆ ನ, ಶಿಫ್ಟ್ ಸೇರಿದರೆ ಣ. ಎಲ್ ಒತ್ತಿದರೆ ಲ, ಶಿಫ್ಟ್ ಸೇರಿದರೆ ಳ. ಮಹಾಪ್ರಾಣಕ್ಕೂ ಶಿಫ್ಟೇ. ಒಂದು ಸಾಲಿನಲ್ಲಿ ನಾಲ್ಕೈದು ಸಲ ಎಡ ಕಿರುಬೆರಳು ಶಿಫ್ಟಿಗೆ ಹೋಗುತ್ತದೆ. ಅದು ಗಲಗಲ ಅಂದರೆ ರಾತ್ರಿ ಮನೆಯಿಡೀ ಕೇಳುತ್ತದೆ.

ಬೇರೆ ಪಿಸಿಬಿ ಬೇಕಾ ಅಂದಿರಿ. ಬೇಡ. ಕೀಬೋರ್ಡಿಗೆ ಭಾಷೆಯೇ ಗೊತ್ತಿಲ್ಲ. ಕೆ ಕೀ ಒತ್ತಿದರೆ ಯುಎಸ್‌ಬಿ ತಂತಿಯಲ್ಲಿ ಹೋಗುವುದು 14 ಅನ್ನುವ ಒಂದು ಸಂಖ್ಯೆ. ಅದನ್ನು k ಅಂತ ಓದುವುದೋ ‘ಕ’ ಅಂತ ಓದುವುದೋ ಕಂಪ್ಯೂಟರಿಗೆ ಬಿಟ್ಟದ್ದು. ‘ನುಡಿ’ ತಂತ್ರಾಂಶದಲ್ಲಿರುವ ಕಗಪ ವಿನ್ಯಾಸದ ಮೂಲ ಕೆ.ಪಿ. ರಾಯರದ್ದು. ಅವರು ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಅದರಲ್ಲಿ ‘ಅಕ್ಕ’ ಅಂತ ಬರೆಯಲು ಎ, ಕೆ, ಎಫ್, ಕೆ ಒತ್ತಬೇಕು. ಒತ್ತಕ್ಷರ ಕೂಡಿಸುವ ಎಫ್ ಎಡ ತೋರುಬೆರಳಿನ ಕೆಳಗೇ ಇದೆ. ನಮ್ಮ ಬರವಣಿಗೆಯಲ್ಲಿ ಒತ್ತು ಎಷ್ಟು ಬರುತ್ತದೆ ಅಂತ ಗೊತ್ತಿದ್ದವರು ಮಾತ್ರ ಹೀಗೆ ಇಡಲು ಸಾಧ್ಯ. ವಿಂಡೋಸ್ ಜೊತೆ ಬರುವ ಇನ್‌ಸ್ಕ್ರಿಪ್ಟಿನಲ್ಲಿ ಆ ಕೆಲಸ ಡಿ ಕೀಯದ್ದು. ಯಾವುದು ರೂಢಿಯೋ ಅದನ್ನೇ ಇಟ್ಟುಕೊಳ್ಳಿ.

ಪಿಸಿಬಿ ಕೊಳ್ಳುವಾಗ ಕ್ಯೂಎಂಕೆ (ಕೀಬೋರ್ಡಿನ ಒಳಗೇ ಓಡುವ ತಂತ್ರಾಂಶ) ಮತ್ತು ವಯಾ (ಅದನ್ನು ಕಂಪ್ಯೂಟರಿನಿಂದ ಬದಲಿಸುವ ಪ್ರೋಗ್ರಾಂ) ನಡೆಯುತ್ತದಾ ಅಂತ ಮಾತ್ರ ಖಾತ್ರಿ ಮಾಡಿಕೊಳ್ಳಿ. ವಯಾದಲ್ಲಿ ಯಾವ ಕೀ ಏನು ಮಾಡಬೇಕು ಅಂತ ನೀವೇ ಹೇಳಬಹುದು. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದಲ್ವಾ, ಆ ಎರಡನ್ನೂ ಒಟ್ಟಿಗೆ ಕ್ಯಾಪ್ಸ್ ಲಾಕಿಗೆ ಕೊಡಿ. ಕನ್ನಡದಲ್ಲಿ ಕ್ಯಾಪ್ಸ್ ಲಾಕಿಗೆ ಏನು ಕೆಲಸ? ನನ್ನ ಮೇಜಿನ ಕೀಬೋರ್ಡಿನಲ್ಲಿ ಆ ಕೀಗೆ ಒಂದು ಖಾಲಿ ಕ್ಯಾಪ್ ಹಾಕಿದ್ದೇನೆ, ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಕೀಬೋರ್ಡಿನಿಂದಲೇ ನೇರ ಯೂನಿಕೋಡ್ ಅಕ್ಷರ ಕಳಿಸುವ ದಾರಿಯೂ ಕ್ಯೂಎಂಕೆಯಲ್ಲಿದೆ. ವಿಂಡೋಸಿನಲ್ಲಿ ಅದಕ್ಕೆ ಇನ್ನೊಂದು ಪ್ರೋಗ್ರಾಂ ಬೇಕು, ಆಫೀಸಿನ ಲ್ಯಾಪ್‌ಟಾಪಿನಲ್ಲಿ ಹಾಕಲು ಬಿಡುವುದಿಲ್ಲ. ಆ ದಾರಿ ಬೇಡ.

ಒಂದು ಕ್ರಮ ತಪ್ಪಿಸಬೇಡಿ. ಪಿಸಿಬಿ ಬಂದ ದಿನವೇ, ಸ್ವಿಚ್ ಹಾಕುವ ಮೊದಲು, ಕಂಪ್ಯೂಟರಿಗೆ ಸಿಕ್ಕಿಸಿ ವಯಾದ ಕೀ ಟೆಸ್ಟ್ ತೆರೆಯಿರಿ. ಪ್ರತಿ ಸಾಕೆಟ್ಟಿನ ಎರಡು ತೂತಿಗೆ ಚಿಮುಟ ತಾಗಿಸಿ, 61 ಕೀಗಳೂ ಬೆಳಗುತ್ತವೆಯಾ ನೋಡಿ. ಹಾಳಾದದ್ದಿದ್ದರೆ ಆಗಲೇ ವಾಪಸ್ ಮಾಡಬಹುದು.

ಬ್ಯಾಟರಿಯ ವೈರ್‌ಲೆಸ್ ಪಿಸಿಬಿ ಆಸೆ ಮುಂದೆ ಬಂದರೆ ಮರ ಅಡ್ಡಿ ಮಾಡುವುದಿಲ್ಲ. ಅಲ್ಯೂಮಿನಿಯಂ ಕೇಸು ಬ್ಲೂಟೂತ್ ಅಲೆಯನ್ನು ತಡೆಯುತ್ತದೆ, ಮರ ಬಿಡುತ್ತದೆ.

ಪಟ್ಟಿ ಸೀಳಿ ಉಳಿದ ಐದೂಮುಕ್ಕಾಲು ಇಂಚಿನ ಹಲಗೆಯಿಂದ ಅಂಗೈ ಇಡುವ ಪಟ್ಟಿ ಮಾಡಬಹುದು, 311 ಉದ್ದ, 70 ಅಗಲ. ಅದು ಒಂಟಿ ಹಲಗೆ, ಯಾವುದಕ್ಕೂ ಬಿಗಿದಿರುವುದಿಲ್ಲ, ಉಬ್ಬಿದರೂ ಕುಗ್ಗಿದರೂ ತೊಂದರೆ ಇಲ್ಲ. ಅದನ್ನೇ ಮೊದಲು ಮಾಡಿ. ಕೀಸುವುದು, ಉಜ್ಜುವುದು, ಪಾಲಿಶ್, ಮೂರಕ್ಕೂ ಕೈ ಪಳಗುತ್ತದೆ. ಚೌಕಟ್ಟಿಗೆ ಆಮೇಲೆ ಗರಗಸ ಹಾಕಿ. ಮುಂದಿನ ಜುಲೈ ಕೊನೆಗೆ ಸ್ಪೇಸ್ ಬಾರ್ ಮುಂದಿನ ಸಂದಿನಲ್ಲಿ ಒಂದು ಪೋಸ್ಟ್ ಕಾರ್ಡ್ ತುಂಡು ಆಡಿಸಿ ನೋಡಿ. ಎಡದಿಂದ ಬಲಕ್ಕೆ ತಡೆಯಿಲ್ಲದೆ ಓಡಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ತಳದ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲ ಮಾಡಿ, ಚೌಕಟ್ಟನ್ನು ಮುಂದಕ್ಕೆ ಸರಿಸಿ, ಮತ್ತೆ ಬಿಗಿಯಿರಿ.